ಒಂದು ಟಕ್ ನೀಲಿ, ಎರಡು ಟಕ್ ಹಸಿರು

ಟಕ್ಕಣ್ಣನಿಗೆ ಆ ಹೆಸರನ್ನು ಹೆತ್ತವರು ಇಟ್ಟದ್ದಲ್ಲ, ಕಾಲೇಜಿನ ಹುಡುಗರು ಇಟ್ಟದ್ದು. ಅವನು ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ವರ್ಷಕ್ಕೊಮ್ಮೆ ಎರಡನೇ ವರ್ಷದ ತರಗತಿಗೆ ಬಣ್ಣದ ಪ್ರಯೋಗ ತೋರಿಸುವ ದಿನ ಅವನು ಗಾಜಿನ ಕಡ್ಡಿ ಹಿಡಿದು ಮೇಜಿನ ಅಂಚಿಗೆ ಟಕ್ ಎಂದು ಬಡಿಯುತ್ತಿದ್ದ. ಒಂದು ಟಕ್ ಎಂದರೆ ನೀಲಿ, ಎರಡು ಎಂದರೆ ಹಸಿರು, ಮೂರು ಎಂದರೆ ನೇರಳೆ. ಟಕ್ಕ ಎಂದರೆ ಮೋಸಗಾರ ಎಂಬ ಅರ್ಥವೂ ಇದೆ ಎಂದು ಭಾಷೆಯ ಮೇಷ್ಟ್ರು ಒಮ್ಮೆ ಎಚ್ಚರಿಸಿದರು. ಅಷ್ಟು ಹೊತ್ತಿಗೆ ಹೆಸರು ಊರೆಲ್ಲ ಹಬ್ಬಿತ್ತು. ಹಾಜರಿ ಪುಸ್ತಕದಲ್ಲಿದ್ದ ಹೆಸರು ಗುಮಾಸ್ತನಿಗೆ ಮಾತ್ರ ಗೊತ್ತಿತ್ತು, ಅವನೂ ನೋಡಿ ಹೇಳಬೇಕಿತ್ತು.

ಕಾಲೇಜಿಗೆ ಬರುವ ಮೊದಲು ಟಕ್ಕಣ್ಣ ಸೋಡಾ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುತ್ತಿದ್ದ. ಗಾಜಿನ ಸಾಮಾನು ಹಿಡಿದು ಅಭ್ಯಾಸ ಇದೆಯೇ ಎಂದು ಸಂದರ್ಶನದಲ್ಲಿ ಕೇಳಿದಾಗ, ಆರು ವರ್ಷ ಹಿಡಿದಿದ್ದೇನೆ, ಹನ್ನೊಂದು ಒಡೆದಿದ್ದೇನೆ ಎಂದ. ಉಳಿದ ಅಭ್ಯರ್ಥಿಗಳೆಲ್ಲ ಒಂದೂ ಒಡೆದಿಲ್ಲ ಎಂದಿದ್ದರು. ಸುಳ್ಳು ಹೇಳದವನು ಆ್ಯಸಿಡ್ಡಿನ ಹತ್ತಿರ ಇರುವುದು ಒಳ್ಳೆಯದೆಂದು ಇವನಿಗೆ ಕೆಲಸ ಕೊಟ್ಟರು. ಅಲ್ಲಿಂದ ಇಪ್ಪತ್ತೆಂಟು ವರ್ಷ, ಅವನ ಕೈಯಿಂದ ಒಂದು ಟೆಸ್ಟ್ ಟ್ಯೂಬೂ ಜಾರಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಬಂದು ಎರಡೂ ಕಡೆಯ ಕಿಟಕಿ ತೆರೆದು ರಾತ್ರಿಯ ವಾಸನೆಯನ್ನು ಹೊರಗೆ ಕಳಿಸುವುದು, ಬ್ಯೂರೆಟ್ಟುಗಳನ್ನು ತೊಳೆದು ತಲೆಕೆಳಗು ನಿಲ್ಲಿಸುವುದು, ಖಾಲಿಯಾದ ಸೀಸೆಗಳನ್ನು ತುಂಬುವುದು, ಹುಡುಗರು ಸಿಂಕಿನಲ್ಲಿ ಬಿಟ್ಟ ಫಿಲ್ಟರ್ ಕಾಗದವನ್ನು ಬೈಯುತ್ತಾ ತೆಗೆಯುವುದು, ಇದೇ ಅವನ ದಿನ. ನೈಟ್ರಿಕ್ ಆ್ಯಸಿಡ್ ತಾಗಿ ಬಲಗೈ ಹೆಬ್ಬೆರಳು ಹಳದಿಯಾಗಿತ್ತು. ಅದು ಮಾಸುವ ಹೊತ್ತಿಗೆ ಮತ್ತೊಮ್ಮೆ ತಾಗುತ್ತಿತ್ತು.

ಅವನು ಸೇರಿದ ವರ್ಷವೇ ಕೆಮಿಸ್ಟ್ರಿ ಮೇಷ್ಟ್ರೂ ಸೇರಿದರು. ಸೈಕಲ್ ಮೇಲೆ ಬರುತ್ತಿದ್ದ ಸಣಕಲು ಮನುಷ್ಯ. ಅಟೆಂಡರನ್ನೂ ನೀವು ಎಂದೇ ಮಾತಾಡಿಸುವವರು. ಮದುವೆಯಾಗಿರಲಿಲ್ಲ. ಆದ್ದರಿಂದ ಒಂದು ಕಾಲಿಗೆ ಹಸಿರು, ಇನ್ನೊಂದು ಕಾಲಿಗೆ ಕಂದು ಕಾಲುಚೀಲ ಹಾಕಿಕೊಂಡು ಹೊರಟರೆ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ದೊಡ್ಡ ವಿದ್ವಾಂಸರಿಗೆ ಕಾಲಿನ ಕಡೆ ಗಮನ ಇರುವುದಿಲ್ಲ ಎಂದು ಕಾಲೇಜು ತೀರ್ಮಾನಿಸಿತು.

ಕಾಲಿನ ಕಡೆಯಲ್ಲ, ಬಣ್ಣದ ಕಡೆ ಎಂದು ಟಕ್ಕಣ್ಣನಿಗೆ ಗೊತ್ತಾದದ್ದು ಮೊದಲ ವರ್ಷದ ಆ ಪ್ರಯೋಗದಲ್ಲಿ. ವೆನೇಡಿಯಂ ಎಂಬ ಲೋಹದ ಲವಣವನ್ನು ಆ್ಯಸಿಡ್ಡಿನಲ್ಲಿ ಕರಗಿಸಿದರೆ ಹಳದಿ ನೀರಾಗುತ್ತದೆ. ಅದಕ್ಕೆ ಸತುವಿನ ಚೂರು ಹಾಕಿ, ಫ್ಲಾಸ್ಕಿನ ಬಾಯಿಗೆ ಹತ್ತಿ ತುರುಕಿ, ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾ ನಿಲ್ಲಬೇಕು. ಸತು ಕೊಡುವ ಎಲೆಕ್ಟ್ರಾನನ್ನು ಲೋಹ ಒಂದೊಂದಾಗಿ ತೆಗೆದುಕೊಳ್ಳುತ್ತದೆ, ತೆಗೆದುಕೊಂಡಾಗಲೆಲ್ಲ ಬಣ್ಣ ಬದಲಿಸುತ್ತದೆ. ಮೊದಲು ನೀಲಿ, ಆಮೇಲೆ ಹಸಿರು, ಕೊನೆಗೆ ನೇರಳೆ. ಅಲ್ಲಾಡಿಸುವುದು ಅಟೆಂಡರನ ಕೆಲಸ, ಹೇಳುವುದು ಮೇಷ್ಟ್ರ ಕೆಲಸ. ಆ ಮೊದಲ ಸಲ ಮೇಷ್ಟ್ರು ಫ್ಲಾಸ್ಕನ್ನು ನೋಡಿ, ಈಗ ನೇರಳೆ ಬಂತು ಎಂದರು. ಫ್ಲಾಸ್ಕಿನಲ್ಲಿ ಇದ್ದದ್ದು ಅಚ್ಚ ನೀಲಿ. ಹುಡುಗರು ಮುಖ ಮುಖ ನೋಡಿಕೊಂಡರು. ಮೇಷ್ಟ್ರ ಕಿವಿ ಬಿಸಿಯಾಯಿತು. ಟಕ್ಕಣ್ಣ ತಕ್ಷಣ, ತಪ್ಪಾಯಿತು ಸಾರ್, ನಾನು ಅಲ್ಲಾಡಿಸುವುದು ನಿಧಾನವಾಯಿತು, ಬಣ್ಣ ಹಿಂದೆ ಬಿದ್ದಿದೆ ಎಂದ. ಬಣ್ಣ ಹಿಂದೆ ಬೀಳುವುದು ಎಂಬ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಆದರೂ ತರಗತಿ ನಂಬಿತು.

ಮುಂದಿನ ವರ್ಷ ಮೇಷ್ಟ್ರು ಫ್ಲಾಸ್ಕಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಾ ನಿಂತರು. ಸಾರ್ ಬರೆಯುತ್ತಿರುವಾಗ ಬಣ್ಣ ಬಂದದ್ದು ತಿಳಿಯಲಿ ಎಂದು ಕಡ್ಡಿಯಿಂದ ಬಡಿಯಲೇ ಎಂದು ಟಕ್ಕಣ್ಣ ಕೇಳಿದ. ಒಳ್ಳೆಯದೇ ಎಂದರು ಮೇಷ್ಟ್ರು. ಮಾತು ಅಷ್ಟೇ. ಅವರಿಗೆ ಹಸಿರು ಕಂದು ಒಂದೇ, ನೀಲಿ ನೇರಳೆ ಒಂದೇ ಎಂದು ಇವನು ಹೇಳಲಿಲ್ಲ, ನಿಮಗೆ ಗೊತ್ತೇ ಎಂದು ಅವರು ಕೇಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಈ ಇಬ್ಬರಿಗಾಗಿಯೇ ಹುಟ್ಟಿದ್ದಿರಬೇಕು. ಆಮೇಲೆ ಟಕ್ಕಣ್ಣ ಲ್ಯಾಬಿನ ಎಲ್ಲ ಸೀಸೆಗಳ ಚೀಟಿಯ ಮೇಲೂ ಲವಣದ ಹೆಸರಿನ ಕೆಳಗೆ ಅದರ ಬಣ್ಣವನ್ನೂ ಬರೆದಿಟ್ಟ. ತಪಾಸಣೆಗೆ ಬಂದ ತಂಡದವರು ಇದನ್ನು ಬೇರೆ ಕಾಲೇಜುಗಳೂ ಅನುಸರಿಸಬೇಕೆಂದು ವರದಿಯಲ್ಲಿ ಬರೆದರು. ಈಗಲೂ ಕೆಲವು ಕಾಲೇಜುಗಳಲ್ಲಿ ನೀಲಿ ಸೀಸೆಯ ಮೇಲೆ ನೀಲಿ ಎಂದು ಬರೆದಿರುತ್ತದೆ, ಏಕೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ.

ಹೀಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೇಷ್ಟ್ರ ಗುಟ್ಟು ಕಾಯುತ್ತಿದ್ದ ಟಕ್ಕಣ್ಣನಿಗೆ, ಅವರ ನಿವೃತ್ತಿಗೆ ಸ್ವಲ್ಪ ದೂರ ಇರುವಾಗ, ಆ ಕಣ್ಣೇ ಕೈಕೊಟ್ಟಿತು. ಮೊದಮೊದಲು ಲ್ಯಾಬಿನ ಟ್ಯೂಬ್‌ಲೈಟು ಮಂಕಾಗಿದೆ ಎಂದು ಜಗಳವಾಡಿ ಆರನ್ನೂ ಬದಲಾಯಿಸಿದ. ಆಮೇಲೆ ಸತು ಕಳಪೆ ಬರುತ್ತಿದೆ ಎಂದು ಸರಬರಾಜು ಮಾಡುವವನ ಮೇಲೆ ಎಗರಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ ಎರಡು ವರ್ಷ ಕಳೆಯಿತು. ಮೇಷ್ಟ್ರೂ ಹೋದ ವರ್ಷದ ಪ್ರಯೋಗದಲ್ಲಿ ಬದಲಾಗಿದ್ದರು. ಭುಜದ ನೋವು ಎಂದು ಬೋರ್ಡಿಗೆ ಬರೆಯುವುದನ್ನು ಬಿಟ್ಟು ಹುಡುಗರ ಕಡೆ ಮುಖ ಮಾಡಿ ನಿಂತರು. ಟಕ್ಕಣ್ಣ ಕಡ್ಡಿ ಬಡಿದು ಎಷ್ಟೋ ಹೊತ್ತಾದ ಮೇಲೆ ಬಣ್ಣದ ಹೆಸರು ಹೇಳಿದರು. ಪಾಪ, ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದು ಟಕ್ಕಣ್ಣ ಮರುಗಿದ.

ನಿಜ ಹೊರಬಿದ್ದದ್ದು ಮನೆಯಲ್ಲಿ. ಅವನ ಹೆಂಡತಿ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ, ಕಿಟಕಿಗೆ ಮೆಷಿನ್ನು, ಪಕ್ಕದಲ್ಲಿ ಇನ್ನೂರು ನೂಲಿನ ಉಂಡೆಗಳ ಡ್ರಾಯರು. ಬೇರೆಯವರು ಕಪ್ಪು ಎನ್ನುವ ಜಾಗದಲ್ಲಿ ಅವಳು ನಾಲ್ಕು ಬಣ್ಣ ಕಾಣುವಳು. ಒಂದು ದಿನ ಗಾಢ ನೀಲಿ ನೂಲು ಕೊಡಿ ಎಂದಾಗ ಅವನು ಕಪ್ಪು ಕೊಟ್ಟ. ನೇರಳೆ ಕೊಡಿ ಎಂದಾಗ ಕಂದು ಕೊಟ್ಟ. ಅವಳು ಮೆಷಿನ್ ನಿಲ್ಲಿಸಿದಳು.

"ರೀ, ಚಪ್ಪಲಿ ಹಾಕ್ಕೊಳ್ಳಿ. ಡಾಕ್ಟರ ಹತ್ರ ಹೋಗೋಣ."

ಎರಡೂ ಕಣ್ಣಿಗೆ ಪೊರೆ ಬಂದಿದೆ, ಹಳದಿ ಗಾಜಿನೊಳಗಿಂದ ನೋಡಿದ ಹಾಗೆ ಕಾಣುತ್ತಿರಬೇಕು, ನೀಲಿ ನೇರಳೆ ಎಲ್ಲ ಮಣ್ಣಾಗಿರಬೇಕು ಎಂದರು ಡಾಕ್ಟರು. ಬರುವ ವಾರವೇ ಆಪರೇಷನ್ ಮಾಡಬಹುದು. ಆದರೆ ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಆ್ಯಸಿಡ್ಡಿನ ಹೊಗೆ ಸೋಕಬಾರದು. ಟಕ್ಕಣ್ಣ ತಿಂಗಳು ಬಿಟ್ಟು ಬರುತ್ತೇನೆ ಎಂದ. ಏಕೆಂದರೆ ಮೇಷ್ಟ್ರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು, ಅವರ ಕೊನೆಯ ಪ್ರಯೋಗಕ್ಕೆ ಹದಿನೆಂಟು ದಿನ ಉಳಿದಿತ್ತು. ಅದನ್ನೇ ಬೀಳ್ಕೊಡುಗೆಯ ಕಾರ್ಯಕ್ರಮವಾಗಿ ಮಾಡಬೇಕೆಂದು ಪ್ರಿನ್ಸಿಪಾಲರು ಹುಕುಂ ಹೊರಡಿಸಿದ್ದರು. ಹಳೆಯ ವಿದ್ಯಾರ್ಥಿಗಳು ಬರುತ್ತಾರೆ, ಸಿಬ್ಬಂದಿಯ ಮನೆಯವರು ಬರುತ್ತಾರೆ, ವಿಡಿಯೊ ಮಾಡಿಸುತ್ತಾರೆ.

ವಿಡಿಯೊ ಎಂದ ಕೂಡಲೇ ಟಕ್ಕಣ್ಣನ ಜೀವ ಬಾಯಿಗೆ ಬಂತು. ಇವನು ಹಸಿರಿಗೆ ಮೂರು ಬಡಿದರೆ ಮೇಷ್ಟ್ರು ನೇರಳೆ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ಮುಚ್ಚಿಟ್ಟದ್ದು ಕೊನೆಯ ದಿನ, ಅವರ ಕೈಯಲ್ಲಿ ಪಾಠ ಕಲಿತವರೆಲ್ಲರ ಎದುರಿಗೆ, ರಟ್ಟಾಗುತ್ತದೆ. ಬಾಯಿಮಾತಾದರೆ ಗಾಳಿಗೆ ಹೋಗುತ್ತದೆ, ವಿಡಿಯೊ ಹೋಗುವುದಿಲ್ಲ. ಮೇಷ್ಟ್ರಿಗೆ ಮೊದಲೇ ಹೇಳಿಬಿಡೋಣ ಎಂದರೆ, ನನಗೆ ಬಣ್ಣ ಕಾಣುತ್ತಿಲ್ಲ ಎಂದಷ್ಟೇ ಹೇಳಿ ಮುಗಿಸಲು ಬರುವುದಿಲ್ಲ. ನಿಮಗೂ ಕಾಣುವುದಿಲ್ಲವೆಂದು ನನಗೆ ಗೊತ್ತು ಎಂದು ಅದರ ಹಿಂದೆಯೇ ಬರುತ್ತದೆ. ಆ ಮಾತನ್ನು ಅವನು ಹೆಂಡತಿಗೂ ಹೇಳಿದವನಲ್ಲ.

ಭಾನುವಾರ ಅವಳನ್ನು ಲ್ಯಾಬಿಗೆ ಕರೆದೊಯ್ದ. ಮೇಷ್ಟ್ರು ಮಾತಾಡುತ್ತಿರುತ್ತಾರೆ, ಬಣ್ಣ ಬಂದಾಗ ನಾನು ಬಡಿಯಬೇಕು, ಯಾವಾಗ ಬರುತ್ತದೆಂದು ಗಡಿಯಾರ ನೋಡಿ ಬರೆದಿಟ್ಟುಕೊಂಡರೆ ಕಣ್ಣು ಬೇಕಾಗುವುದಿಲ್ಲ ಎಂದು ತಿಳಿಸಿದ. ಅವಳು ಎತ್ತರದ ಸ್ಟೂಲಿನ ಮೇಲೆ ಕುಳಿತು ಫ್ಲಾಸ್ಕನ್ನು ಬಟ್ಟೆಯ ಪೀಸು ನೋಡುವ ಹಾಗೆ ನೋಡಿದಳು. ಇವನು ಅಲ್ಲಾಡಿಸಿದ. ಮೂರು ನಿಮಿಷಕ್ಕೆ ಅವಳು ಹಸಿರು ಎಂದಳು.

"ಅದು ಲೆಕ್ಕಕ್ಕಿಲ್ಲ. ಅರ್ಧ ಹಳದಿ, ಅರ್ಧ ನೀಲಿ ಸೇರಿ ಹಾಗೆ ಕಾಣುತ್ತೆ ಅಷ್ಟೇ. ನೀಲಿ ಆದ್ಮೇಲೆ ಬರೋದು ನಿಜವಾದ ಹಸಿರು."

"ಕಣ್ಣೆದುರಿಗೆ ಹಸಿರಿದೆ, ಲೆಕ್ಕಕ್ಕಿಲ್ಲ ಅಂತೀರಾ. ನನ್ನ ಅಂಗಡೀಲಿ ಹೀಗಂದ್ರೆ ಗಿರಾಕಿ ಬಟ್ಟೆ ವಾಪಸ್ ಎಸೀತಾರೆ."

ಆದರೂ ಕಲಿತಳು. ನೀಲಿ ಐದು ನಿಮಿಷಕ್ಕೆ ಬಂತು, ನಿಜವಾದ ಹಸಿರು ಹತ್ತಕ್ಕೆ, ನೇರಳೆ ಇಪ್ಪತ್ತಕ್ಕೆ. ಟಕ್ಕಣ್ಣ ಅಂಗೈ ಮೇಲೆ ಬರೆದುಕೊಂಡ. ಖಚಿತವಾಗಲಿ ಎಂದು ಮತ್ತೆ ಮಾಡಿದರೆ ನೇರಳೆಗೆ ಇಪ್ಪತ್ತೇಳು ನಿಮಿಷ ಹಿಡಿಯಿತು. ಮೂರನೆಯ ಸಲ ಹದಿನಾರು. ಸತುವಿನ ಚೂರು ದಪ್ಪವಿದ್ದರೆ ಒಂದು, ಸಣ್ಣಗಿದ್ದರೆ ಒಂದು, ನೀರು ಬೆಚ್ಚಗಿದ್ದರೆ ಇನ್ನೊಂದು. ಇಷ್ಟು ವರ್ಷ ಕಣ್ಣಿಂದ ಮಾಡಿದ ಕೆಲಸವನ್ನು ಗಡಿಯಾರ ಒಪ್ಪಿಕೊಳ್ಳಲಿಲ್ಲ. ಅವನು ಫ್ಲಾಸ್ಕ್ ಕೆಳಗಿಟ್ಟು ಅಂಗೈ ಮೇಲಿನ ಅಂಕಿಗಳನ್ನು ಉಜ್ಜಿ ಅಳಿಸಿದ. ಅವನಿಗೆ ನಿಜವಾಗಿ ಭಯವಾಗಿತ್ತು.

ಉಪಾಯ ಹೇಳಿದವಳು ಅವಳೇ. ಸಿಬ್ಬಂದಿಯ ಮನೆಯವರು ಮೊದಲ ಸಾಲಿನಲ್ಲಿ ಕೂರುತ್ತಾರೆ ತಾನೇ? ನೀಲಿ ಬಂದಾಗ ಒಂದು ಸಲ ಕೆಮ್ಮುತ್ತೇನೆ, ಹಸಿರಿಗೆ ಎರಡು, ನೇರಳೆಗೆ ಮೂರು. ನೀವು ಅದನ್ನು ಕೇಳಿ ಬಡಿಯಿರಿ. ಅಂದರೆ ಅವಳು ಕೆಮ್ಮಬೇಕು, ಇವನು ಬಡಿಯಬೇಕು, ಮೇಷ್ಟ್ರು ಹೇಳಬೇಕು. ಒಂದು ಬಣ್ಣ ಹೇಳಲು ಮೂರು ಜನ ಬೇಕಾದ ಕಾಲೇಜು ಬೇರೆ ಇರಲಾರದು. ಉಳಿದ ದಿನಗಳಲ್ಲಿ ಅವಳು ಮೆಷಿನ್ ತುಳಿಯುತ್ತಾ ಕೆಮ್ಮುವುದನ್ನು ಅಭ್ಯಾಸ ಮಾಡಿದಳು. ಗಿರಾಕಿಗಳು ಔಷಧಿಯ ಹೆಸರು ಹೇಳಿ ಹೋದರು.

ಆ ದಿನ ಲ್ಯಾಬು ಕಿಕ್ಕಿರಿದಿತ್ತು. ಕೂದಲು ಉದುರಿದ ಹಳೆಯ ವಿದ್ಯಾರ್ಥಿಗಳು ಸಿಂಕಿನ ಕಟ್ಟೆಯ ಮೇಲೆಲ್ಲ ಕುಳಿತಿದ್ದರು. ಮುಂದಿನ ಬೆಂಚಿನ ತುದಿಯಲ್ಲಿ ಎರಡನೇ ವರ್ಷದ ಒಬ್ಬ ಹುಡುಗಿ ಕಾಗದ, ಪೆನ್ಸಿಲು, ಕೈಗಡಿಯಾರ ಇಟ್ಟುಕೊಂಡು ಕೂತಿದ್ದಳು. ಬಣ್ಣ ಬದಲಾದ ಸಮಯ ಬರೆಯಲು ಒಬ್ಬರನ್ನು ಕೂರಿಸುವುದು ಮೇಷ್ಟ್ರು ಹೋದ ವರ್ಷ ತಂದ ಪದ್ಧತಿ. ಟಕ್ಕಣ್ಣನ ಹೆಂಡತಿ ಮೊದಲ ಸಾಲಿನಲ್ಲೇ ಇದ್ದಳು, ಮೇಷ್ಟ್ರ ಎದುರಿಗೇ. ಎಲ್ಲ ಸರಿಯಾಗಿದೆ ಎನ್ನುವಷ್ಟರಲ್ಲಿ ವಿಡಿಯೊದವನು ಬಂದು ಮೂರು ಕಾಲಿನ ಸ್ಟ್ಯಾಂಡನ್ನು ಅವಳ ಮುಂದೆ ನೆಟ್ಟು ಅದರ ಹಿಂದೆ ನಿಂತ. ಅವನು ಅಗಲವಾದ ಮನುಷ್ಯ. ಅವಳಿಗೆ ಮೇಷ್ಟ್ರ ಕಾಲು ಮಾತ್ರ ಕಾಣುವಷ್ಟು ಸಂದಿ ಉಳಿಯಿತು.

ಮೇಷ್ಟ್ರು ಮಾತು ಶುರು ಮಾಡಿದರು, ಟಕ್ಕಣ್ಣ ಅಲ್ಲಾಡಿಸತೊಡಗಿದ. ಅವನ ಕಣ್ಣಿಗೆ ಫ್ಲಾಸ್ಕಿನಲ್ಲಿ ಕೊಳೆನೀರು ಇತ್ತು, ಸ್ವಲ್ಪ ಹೊತ್ತಿನ ಮೇಲೆ ಇನ್ನೂ ಸ್ವಲ್ಪ ಕೊಳೆಯಾಯಿತು. ಎಡಗೈಯಲ್ಲಿ ಕಡ್ಡಿ ಹಿಡಿದು ಕಿವಿ ನಿಮಿರಿಸಿದ. ಒಂದು ಕೆಮ್ಮು ಬಂತು. ಕಡ್ಡಿ ಎತ್ತಿದ. ಕೆಮ್ಮು ಬಂದದ್ದು ಬಲಗಡೆಯಿಂದ, ಹೆಂಡತಿ ಇದ್ದದ್ದು ಎಡಗಡೆ. ಪ್ರಿನ್ಸಿಪಾಲರು ಬೀಡಿ ಸೇದುವ ಗುಟ್ಟು ಅವತ್ತು ಅವನ ಪ್ರಾಣ ಹಿಂಡಿತು. ಕಡ್ಡಿ ಅರ್ಧ ದಾರಿಯಲ್ಲೇ ನಿಂತಿತು. ಮತ್ತೆ ಕೆಮ್ಮಿದರು, ಎರಡು ಸಲ. ಇದು ಹಸಿರೋ ಹೊಗೆಯೋ ತಿಳಿಯಲಿಲ್ಲ. ತಪ್ಪಾಗಿ ಬಡಿಯುವುದಕ್ಕಿಂತ ಬಡಿಯದಿರುವುದೇ ಲೇಸೆಂದು ಕಡ್ಡಿಯನ್ನು ಮೇಜಿನ ಮೇಲೆ ಮಲಗಿಸಿದ. ಮೇಷ್ಟ್ರ ಮಾನ ಅವರ ಕೈಗೇ ಬಿಟ್ಟ.

"ಈಗ ನೀಲಿ," ಎಂದರು ಮೇಷ್ಟ್ರು.

ಜನ ತಲೆದೂಗಿದರು. ಟಕ್ಕಣ್ಣ ಬೆವರಿದ. ಮೇಷ್ಟ್ರು ಅವನ ಕಡೆ ತಿರುಗಿಯೂ ನೋಡಲಿಲ್ಲ. ಹುಡುಗರ ಕಡೆ ಮುಖ ಮಾಡಿ ಮಾತು ಮುಂದುವರಿಸಿದರು. ಸ್ವಲ್ಪ ಹೊತ್ತಾದ ಮೇಲೆ, ಯಾರೂ ಬಡಿಯದೆ, ಈಗ ಹಸಿರು ಎಂದರು. ಸರಿಯಿತ್ತು. ಇನ್ನಷ್ಟು ಹೊತ್ತಾದ ಮೇಲೆ, ಇಗೋ ನೇರಳೆ ಎಂದರು. ಇಡೀ ಲ್ಯಾಬು ಚಪ್ಪಾಳೆ ತಟ್ಟಿತು. ವಿಡಿಯೊದವನೂ ಕ್ಯಾಮೆರಾದ ಹಿಡಿ ಬಿಟ್ಟು ತಟ್ಟಿದ, ಆದ್ದರಿಂದ ಅಷ್ಟು ಭಾಗ ಅಲ್ಲಾಡಿದೆ.

ಮಾನ ಉಳಿಯಿತೆಂದು ಟಕ್ಕಣ್ಣನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇವರಿಗೆ ಬಣ್ಣ ಮೊದಲಿಂದಲೂ ಕಾಣುತ್ತಿತ್ತೇ? ಹಾಗಾದರೆ ತಾನು ಇಷ್ಟು ವರ್ಷ ಯಾರಿಗಾಗಿ ಬಡಿದದ್ದು? ಹಾರ ತುರಾಯಿ ಎಲ್ಲ ಮುಗಿದು ಜನ ಕಾಫಿಗೆ ಹೋದಾಗ ಅವನು ಸಿಂಕಿನ ಹತ್ತಿರ ನಿಂತು ಫ್ಲಾಸ್ಕ್ ತೊಳೆಯತೊಡಗಿದ. ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತರು.

"ಸಾರ್, ನಾನಿವತ್ತು ಬಡೀಲಿಲ್ಲ."

"ಗೊತ್ತು. ನಾನು ಆ ಹುಡುಗಿ ಪೆನ್ಸಿಲ್ ನೋಡ್ತಿದ್ದೆ. ಬಣ್ಣ ಬದಲಾದ್ರೆ ತಲೆ ಬಗ್ಗಿಸಿ ಟೈಮ್ ಬರೀತಾಳೆ. ಮೊದಲ್ನೇ ಹಸಿರು ಬರೀಬೇಡ ಅಂತ ಹೇಳಿದ್ದೆ."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಉಳಿದದ್ದನ್ನು ಹೇಳಿದರು. ಎರಡು ವರ್ಷದ ಹಿಂದೆ ಟಕ್ಕಣ್ಣ ಎರಡು ಸಲ ಬಡಿದ, ಅವರು ಹಸಿರು ಎಂದರು. ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದು, ಸಾರ್ ಅದು ಇನ್ನೂ ನೀಲಿಯೇ ಇತ್ತು ಎಂದು ಮೆಲ್ಲಗೆ ಹೇಳಿದಳು. ಮೇಷ್ಟ್ರಿಗೆ ಅರ್ಥವಾಯಿತು. ಬೋರ್ಡು ಬಿಟ್ಟು ತಿರುಗಿ ನಿಂತದ್ದು ಅದಕ್ಕೆ. ಭುಜ ಗಟ್ಟಿಯಾಗಿಯೇ ಇತ್ತು.

"ನನ್ನ ಕಣ್ಣು ಹೋಗಿದೆ ಅಂತ ನನಗ್ಯಾಕೆ ಹೇಳ್ಲಿಲ್ಲ ಸಾರ್?"

"ನನ್ನ ಕಣ್ಣಿನ ವಿಷಯ ನೀವು ಇಪ್ಪತ್ತೆಂಟು ವರ್ಷ ನನಗೆ ಹೇಳಿದ್ರಾ?"

ಟಕ್ಕಣ್ಣನಿಗೆ ಅಳು ಬಂತು. ಪೊರೆಯ ಮೇಲೆ ನೀರೂ ತುಂಬಿದ ಮೇಲೆ ಏನೂ ಕಾಣಲಿಲ್ಲ, ಫ್ಲಾಸ್ಕು ಜಾರಿ ಸಿಂಕಿನಲ್ಲಿ ಚೂರಾಯಿತು. ಕಾಲೇಜಿನಲ್ಲಿ ಅವನ ಕೈಯಿಂದ ಒಡೆದ ಮೊದಲ ಗಾಜು ಅದು. ಮೇಷ್ಟ್ರು ಅವನನ್ನು ಸ್ಟೂಲಿನ ಮೇಲೆ ಕೂರಿಸಿ ತಾವೇ ಚೂರುಗಳನ್ನು ಆರಿಸಿ ತೆಗೆದರು. ಗಾಜಿಗೆ ಬಣ್ಣ ಇಲ್ಲದ್ದರಿಂದ ಅವರಿಗೆ ಕಷ್ಟವಾಗಲಿಲ್ಲ.

ಮುಂದಿನ ತಿಂಗಳು ಟಕ್ಕಣ್ಣನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮರುದಿನ ಮೇಷ್ಟ್ರು ಸೈಕಲ್ ತುಳಿದುಕೊಂಡು ನೋಡಲು ಬಂದರು. ಬೂಟು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದು ಕುಳಿತರು. ಟಕ್ಕಣ್ಣ ಮಂಚದ ಮೇಲಿಂದ ಅವರ ಕಾಲು ನೋಡಿದ. ಒಂದು ಹಸಿರು, ಒಂದು ಕಂದು. ಎರಡು ವರ್ಷದ ಮೇಲೆ ಅಷ್ಟು ಸ್ಪಷ್ಟವಾಗಿ ಕಂಡಿತು. ಆಪರೇಷನ್ ಚೆನ್ನಾಗಿ ಆಗಿದೆ ಎಂದ.

ಹೆಂಡತಿ ಕಾಫಿಯ ಜೊತೆಗೆ ಒಂದು ಕಾಗದದ ಪೊಟ್ಟಣ ತಂದು ಮೇಷ್ಟ್ರ ಕೈಗೆ ಕೊಟ್ಟಳು. ಒಳಗೆ ನಾಲ್ಕು ಜೊತೆ ಹೊಸ ಕಾಲುಚೀಲ. ಬೀಳ್ಕೊಡುಗೆಯ ದಿನ ಎಲ್ಲರೂ ಏನೇನೋ ಕೊಟ್ಟರು, ನಾನು ಕೊಟ್ಟಿರಲಿಲ್ಲ ಎಂದಷ್ಟೇ ಹೇಳಿದಳು. ಟಕ್ಕಣ್ಣ ಗಾಬರಿಯಿಂದ ಅವಳ ಮುಖ ನೋಡಿದ. ಅವನು ಏನೂ ಹೇಳಿರಲಿಲ್ಲ. ವಿಡಿಯೊದವನ ಪಕ್ಕದ ಸಂದಿಯಿಂದ ಅರ್ಧ ಗಂಟೆ ಕಾಲನ್ನೇ ನೋಡಿದ ಹೊಲಿಗೆಯವಳಿಗೆ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

ಮೇಷ್ಟ್ರು ಒಂದು ಕಾಲುಚೀಲ ಎತ್ತಿಕೊಂಡರು. ಬಾಯಂಚಿನ ಒಳಗೆ ಹೆಬ್ಬೆರಳಿಗೆ ಏನೋ ತಾಗಿತು. ದಪ್ಪ ನೂಲಿನ ಒಂದು ಗಂಟು. ಇನ್ನೊಂದು ಜೊತೆ ಎತ್ತಿಕೊಂಡರು, ಎರಡು ಗಂಟು. ಮೂರನೆಯದಕ್ಕೆ ಗಂಟೇ ಇರಲಿಲ್ಲ.

"ಅದು ಕಂದು. ಲ್ಯಾಬಲ್ಲಿ ಅದಕ್ಕೆ ಟಕ್ ಇಲ್ವಲ್ಲ," ಎಂದಳು ಅವಳು.

ಕಾಫಿ ಆರಿತು. ಮೇಷ್ಟ್ರು ನಾಲ್ಕನೆಯ ಜೊತೆಯನ್ನು ಎತ್ತಿ ಹೆಬ್ಬೆರಳಾಡಿಸಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

"ನೇರಳೆ," ಎಂದರು. ಆಮೇಲೆ, "ಈ ವಯಸ್ಸಿಗೆ ನೇರಳೆ ಕಾಲುಚೀಲ ಹಾಕಿದ್ರೆ ಜನ ಏನಂತಾರಮ್ಮಾ?"

ಜನ ಇಷ್ಟು ವರ್ಷ ಏನೂ ಅಂದಿಲ್ಲವಲ್ಲ ಸಾರ್ ಎಂದಳು ಅವಳು. ಮೇಷ್ಟ್ರು ಅಲ್ಲೇ ಹಳೆಯದನ್ನು ಕಳಚಿ ಪೊಟ್ಟಣಕ್ಕೆ ತುರುಕಿ, ಮೂರು ಗಂಟಿನ ಜೊತೆಯನ್ನು ಹಾಕಿಕೊಂಡು, ಬೂಟು ಮೆಟ್ಟಿ ಹೊರಟರು. ಡಾಕ್ಟರು ಬೇಡವೆಂದಿದ್ದರೂ ಟಕ್ಕಣ್ಣ ಎದ್ದು ಕಿಟಕಿಯ ಹತ್ತಿರ ಹೋದ. ಸೈಕಲ್ ಹತ್ತಿ ಪೆಡಲ್ ತುಳಿದಾಗ ಮೇಷ್ಟ್ರ ಪ್ಯಾಂಟು ಮೇಲೆ ಸರಿಯಿತು, ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಎರಡು ಕಾಲೂ ಒಂದೇ ಬಣ್ಣ ಇದ್ದವು.